ಕುದಿಯೋ ಕಾರು, ಕುದಿಯೋ ಯಜಮಾನ

ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ನಮ್ಮ ಮುದಿ ಮಾರುತಿ 800 ಬಾನೆಟ್ ಸಂದಿಯಿಂದ ಬುಸ್ಸೆಂದು ಹಬೆ ಬಿಟ್ಟಿತು. ‘ಇಡ್ಲಿ ಬೆಂದಿರಬೇಕು, ಇಳಿಸಿ’ ಅಂದಳು ನನ್ನವಳು. ಮರ್ಯಾದೆ ಉಳಿಸಿಕೊಳ್ಳಲು ನಾನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಹಿಂದಿನ ಲಾರಿಯ ಡ್ರೈವರ್ ಓಡಿಬಂದು ಕೈ ಎಳೆದ. ‘ಕುಕ್ಕರ್ ಕೂಗ್ತಿರುವಾಗ ಮುಚ್ಚಳ ತೆಗೀತೀರಾ ಸಾರ್?’

ಮೇಷ್ಟ್ರು ವರ್ಷವೆಲ್ಲ ಹೇಳಿದ ಭೌತವಿಜ್ಞಾನ ಅಷ್ಟೇ. ಆ ಮುಚ್ಚಳ ಒಳಗೆ ಸುಮಾರು 0.9 ಬಾರ್ ಒತ್ತಡ ಹಿಡಿದಿಡುತ್ತದೆ. ಹಾಗಾಗಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ತೆಪ್ಪಗಿರುತ್ತದೆ. ಬಿಸಿಯಲ್ಲಿ ತೆಗೆದಿರೋ, ಮುಖಕ್ಕೇ ಮಂಗಳಾರತಿ.

ಊರಿಗೆ ಬಂದಮೇಲೆ ಮೆಕ್ಯಾನಿಕ್ ನೋಡಿ, ‘ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕ್ ಸೀಳಿದೆ, ಹೊಸದೇ ಹಾಕ್ಬೇಕು’ ಅಂದ. ಅಲ್ಲಿಂದ ಶುರುವಾಯಿತು ನೋಡಿ ಪುಕ್ಕಟೆ ಸಲಹೆಗಳ ಜಾತ್ರೆ. ಪಕ್ಕದ ಮನೆ ರಾಯರು ತಾಮ್ರದ ಪಕ್ಷ. ‘ನಮ್ಮ ಫಿಯೆಟ್ಟಿಗೆ ತಾಮ್ರ, ಹಿತ್ತಾಳೆ ಕಣ್ರೀ! ತೂತು ಬಿದ್ದರೆ ಬೆಸುಗೆ ಹಾಕಿಸಿದರಾಯಿತು.’ ನನ್ನ ಸೋದರಳಿಯ ಅಲ್ಯುಮಿನಿಯಂ ಪಕ್ಷ. ‘ಮಾವ, ಹಗುರ, ಅಗ್ಗ, ಈಗ ಎಲ್ಲಾ ಅದೇ.’ ತಮಾಷೆಯೆಂದರೆ ಇಬ್ಬರೂ ಹೇಳಿದ್ದು ನಿಜ. ಶಾಖ ದಾಟಿಸುವುದರಲ್ಲಿ ತಾಮ್ರವೇ ಮುಂದು. ಆದರೆ ಅದು ಭಾರ, ದುಬಾರಿ. ಅಲ್ಯುಮಿನಿಯಮ್ಮಿನ ಕೊಳವೆಯನ್ನು ಅಗಲವಾಗಿ ಚಪ್ಪಟೆ ಮಾಡಿ ಆ ಕೊರತೆ ತುಂಬಿಕೊಳ್ಳುತ್ತಾರೆ.

ಹಳೆಯದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೆಂಗಳೂರಿನ ಜೆ.ಸಿ. ರೋಡಿಗೆ ಹೋದೆ. ನನ್ನ ಜೀವಮಾನದಲ್ಲಿ ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ಅಂಗಡಿಯವನು ಕೇಳಿದ: ‘ಯಾವ ಇಸವಿ? ಕಾರ್ಬುರೇಟರಾ, ಎಂಪಿಎಫ್ಐ ಆ? ಎಸಿ ಇದೆಯಾ?’ ರೇಷನ್ ಕಾರ್ಡಿನ ಅರ್ಜಿಗೂ ಇಷ್ಟು ವಿವರ ಕೊಟ್ಟಿರಲಿಲ್ಲ. ಸೆಖೆಯಾಗುವುದು ನನಗೆ, ರೇಡಿಯೇಟರಿಗೆ ಎಸಿ ಯಾಕೆ ಅಂದೆ. ಎಸಿಯ ಕಂಡೆನ್ಸರ್ ಮುಂದೆ ನಿಂತಿರುತ್ತಂತೆ. ಅದು ಬಿಸಿ ಮಾಡಿದ ಗಾಳಿಯೇ ಇದಕ್ಕೆ ಗತಿ.

ಕೌಂಟರಿನ ಮೇಲೆ ಮೂರು ಬಂದವು: ಕಂಪನಿ ಡಬ್ಬಿಯದು, ಬೇರೆ ಬ್ರ್ಯಾಂಡಿನದು, ಹೆಸರೇ ಇಲ್ಲದ್ದು. ಮೂರನೆಯದೇ ಮಿರಮಿರ ಮಿಂಚುತ್ತಿತ್ತು, ಬೆಲೆ ಅರ್ಧ. ನನ್ನ ಕೈ ಅತ್ತಲೇ ಹೋಯಿತು ಅಂತ ಬೇರೆ ಹೇಳಬೇಕೆ? ಹಳೆಯದರ ಪಕ್ಕ ಇಟ್ಟು ನೋಡಿದೆ. ಪೈಪ್ ಕೂರುವ ಬಾಯಿ ಸರಿ, ಫ್ಯಾನಿನ ಬೋಲ್ಟ್ ತೂತು ಒಂದು ಬೆರಳು ಆಚೆ. ಕೊಳವೆಗಳ ನಡುವಿನ ಫಿನ್ನುಗಳು ಬಾಚಣಿಗೆಯ ಹಲ್ಲು ಉದುರಿದಂತೆ ದೂರ ದೂರ. ಉಗುರು ತಾಗಿಸಿದರೆ ಮಲಗಿಬಿಡುತ್ತಿದ್ದವು. 1901ರ ಮರ್ಸಿಡಿಸ್ಸಿಗೆ ವಿಲ್ಹೆಲ್ಮ್ ಮೇಬ್ಯಾಕ್ ಸಾವಿರಾರು ಪುಟ್ಟ ಕೊಳವೆ ಜೋಡಿಸಿ ಜೇನುಗೂಡಿನಂಥ ರೇಡಿಯೇಟರ್ ಮಾಡಿದ್ದ. ಅವನು ಜೋಡಿಸಿದ್ದಕ್ಕಿಂತ ನಾನು ಆರಿಸಿದ್ದೇ ಹೆಚ್ಚು ಹೊತ್ತಾಯಿತು ಅಂತ ಅಂಗಡಿಯವನ ಮುಖ ಹೇಳುತ್ತಿತ್ತು. ಕೊನೆಗೆ ನಡುವಿನದಕ್ಕೆ ದುಡ್ಡು ಎಣಿಸಿದೆ. ಹೊಸ ಮುಚ್ಚಳವನ್ನೂ ಕೊಂಡೆ; ಲಾರಿ ಡ್ರೈವರನ ನೆನಪಿಗೆ.

ನಿಜವಾದ ಮರ್ಯಾದೆ ಹೋದದ್ದು ಗ್ಯಾರೇಜಿನಲ್ಲಿ. ಮೆಕ್ಯಾನಿಕ್ ಹಳೆಯದರ ಟ್ಯಾಂಕ್ ಕಿತ್ತು ತೋರಿಸಿದ. ಬಚ್ಚಲ ಹಂಡೆಯ ತಳದಂತೆ ಬೆಳ್ಳಗೆ ಸುಣ್ಣ. ಅರ್ಧ ಕೊಳವೆಗಳ ಬಾಯಿ ಬಂದ್.

‘ಯಾವ ನೀರು ಹಾಕ್ತಿದ್ರಿ ಸಾರ್?’

‘ಬೋರಿನದು.’

‘ಕೂಲಂಟ್?’

ನಾನು ಕ್ಯಾಲೆಂಡರ್ ನೋಡತೊಡಗಿದೆ. ಕೂಲಂಟಿನ ನಾಲ್ಕು ಕಾಸು ಉಳಿಸಿದ ಜಾಣತನಕ್ಕೆ ರೇಡಿಯೇಟರ್ ಬಡ್ಡಿ ಕಟ್ಟಿತ್ತು.

ಈಗ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಮೊನ್ನೆ ಕ್ಯಾನ್ ಹಿಡಿದು ಕಾರಿನತ್ತ ಹೊರಟಾಗ ಅಡುಗೆಮನೆಯಿಂದ ದನಿ ಬಂತು: ‘ರೀ, ನಮ್ಮ ನೀರಿನ ಫಿಲ್ಟರ್ ಕೆಟ್ಟು ಮೂರು ತಿಂಗಳಾಯ್ತು. ನಾನೂ ಒಂದ್ಸಲ ಘಾಟಿಯಲ್ಲಿ ಬುಸ್ ಅನ್ಬೇಕೇನು?’