ಚಾ, ಚಾಯ್, ಚಯ್

ಹನೋಯ್‌ನಲ್ಲಿ ಎಂಟು ದಿನ ಇದ್ದು ಬಂದವನಿಗೆ ವಿಯೆಟ್ನಾಂ ಬಗ್ಗೆ ಸಲಹೆ ಕೊಡುವ ಅಧಿಕಾರವಿದೆಯೇ ಎಂದು ನನ್ನ ಹೆಂಡತಿ ಕೇಳುತ್ತಾಳೆ. ಎಂಟು ವರ್ಷ ಇದ್ದವರನ್ನು ಕೇಳಿ ನೋಡಿ, "ಹೇಳೋದು ಕಷ್ಟ" ಅನ್ನುತ್ತಾರೆ. ಎಂಟು ದಿನವೇ ಸರಿಯಾದ ಅಳತೆ. ನಮ್ಮ ಬೀದಿಯಲ್ಲಿ ಯಾರೇ ಆ ಕಡೆಗೆ ಟಿಕೆಟ್ ಮಾಡಿಸಿದರೂ ಸಂಜೆ ವಾಕಿಂಗ್‌ನಲ್ಲಿ ನನ್ನನ್ನು ಹಿಡಿಯುತ್ತಾರೆ. ಈ ಸಲ ಹಿಡಿದವರು ಮೂಲೆಮನೆಯ ನಿವೃತ್ತ ಕನ್ನಡ ಮೇಷ್ಟರು.

ವೀಸಾ ವಿಷಯ ಎರಡು ಮಾತಿನಲ್ಲಿ ಮುಗಿಸಿದೆ. ಆನ್‌ಲೈನಿನಲ್ಲೇ ಸಿಗುತ್ತದೆ, 2023ರ ಆಗಸ್ಟಿನಿಂದ 90 ದಿನದವರೆಗೂ ಕೊಡುತ್ತಾರೆ. ಹೆಸರು ಮಾತ್ರ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ಇನಿಷಿಯಲ್‌ನಲ್ಲಿ ಊರನ್ನೂ ಅಪ್ಪನನ್ನೂ ಹೊತ್ತು ತಿರುಗುವ ನಮ್ಮಂಥವರು ಕನ್ನಡಕ ಹಾಕಿಕೊಂಡು ತುಂಬುವುದು ಕ್ಷೇಮ.

ದುಡ್ಡಿನ ವಿಷಯಕ್ಕೆ ಬಂದಾಗ ಪಾರ್ಕಿನ ಬೆಂಚಿನ ಮೇಲೆ ಕೂತೆವು. ನೂರು ಡಾಲರ್ ಬದಲಾಯಿಸಿದರೆ ಕೈಗೆ ಬರುವುದು 25 ಲಕ್ಷಕ್ಕೂ ಮೇಲೆ ಡಾಂಗ್. ಪಿಂಚಣಿಯವನಾದ ನಾನು ಲಕ್ಷಾಧೀಶನಾಗಿ ಎದೆ ಉಬ್ಬಿಸಿಕೊಂಡು ಬೀದಿಗಿಳಿದೆ. ಎಳನೀರಿನವಳ ಹತ್ತಿರ ಆ ಗಾಳಿ ಇಳಿಯಿತು. ಅಲ್ಲಿ 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡರಲ್ಲೂ ಹೋ ಚಿ ಮಿನ್ ಅದೇ ಗಡ್ಡ ಬಿಟ್ಟುಕೊಂಡು ಕೂತಿದ್ದಾರೆ. ಒಂದಕ್ಕೆ ನಮ್ಮ ಅರವತ್ತು ಚಿಲ್ಲರೆ ರೂಪಾಯಿ, ಇನ್ನೊಂದಕ್ಕೆ ಸಾವಿರದ ಆರುನೂರರ ಹತ್ತಿರ. ನಾನು ನೀಲಿ ನೋಟು ಕೊಟ್ಟು, ಚಿಲ್ಲರೆ ಇಟ್ಟುಕೋ ಎನ್ನುವಂತೆ ಜಮೀನ್ದಾರನ ಹಾಗೆ ಕೈ ಬೀಸಿ ನಡೆದೆ. ಹಿಂದೆ ಏನೋ ಕೂಗು. ತಿರುಗಿದರೆ ಆಕೆ ಎಳನೀರು ಕೆತ್ತುವ ಕತ್ತಿ ಹಿಡಿದು ಓಡಿ ಬರುತ್ತಿದ್ದಾಳೆ! ನಾನು ಓಡಿದೆ. ಆಕೆ ಇನ್ನೂ ಜೋರಾಗಿ ಓಡಿದಳು. ಸಿಕ್ಕಿಬಿದ್ದಾಗ ಗೊತ್ತಾಯಿತು, ಇನ್ನೊಂದು ಕೈಯಲ್ಲಿ ನನ್ನ 5 ಲಕ್ಷ ಇತ್ತು. ಆವತ್ತಿನಿಂದ ದೊಡ್ಡ ನೀಲಿ ಒಳಜೇಬಿಗೆ, ಸಣ್ಣ ನೀಲಿ ಅಂಗಿಜೇಬಿಗೆ.

ರಸ್ತೆ ದಾಟುವುದರಲ್ಲೂ ನಮ್ಮ ಬೆಂಗಳೂರು ವಿದ್ಯೆ ನಡೆಯದು. ನಾವು ಎರಡು ಹೆಜ್ಜೆ ಮುಂದೆ, ಒಂದು ಹಿಂದೆ, ಕೈ ಅಡ್ಡ, ಕೊನೆಗೆ ಓಟ. ಅಲ್ಲಿ ಸ್ಕೂಟರುಗಳ ಹೊಳೆಗೆ ಇಳಿದು ಒಂದೇ ಸಮನೆ ನಿಧಾನಕ್ಕೆ ನಡೆಯುತ್ತಿರಬೇಕು. ಅವರೇ ನಮ್ಮ ನಡಿಗೆಯ ಲೆಕ್ಕ ಹಾಕಿ ಆಚೀಚೆ ಹರಿದು ಹೋಗುತ್ತಾರೆ. ಬಸ್ಸು ಮಾತ್ರ ಲೆಕ್ಕ ಹಾಕುವುದಿಲ್ಲ.

"ಅದೆಲ್ಲ ಇರಲಿ, ಊಟಕ್ಕೇನು?" ಅಂದರು ಮೇಷ್ಟರು. ಅವರು ಈರುಳ್ಳಿಯನ್ನೇ ಅನುಮಾನದಿಂದ ನೋಡುವವರು.

ನಮ್ಮ ಮೊದಲ ಬೆಳಗ್ಗೆಯ ಕಥೆ ಹೇಳಲೇಬೇಕಾಯಿತು. ಹೋಟೆಲಿನ ಪಕ್ಕದ ಗಲ್ಲಿಯಲ್ಲಿ ಒಂದು ಅಂಗಡಿ, ಫುಟ್‌ಪಾತಿನ ಮೇಲೆ ಕೂತರೆ ಮಂಡಿ ಗದ್ದಕ್ಕೆ ತಾಗುವಂಥ ಪ್ಲಾಸ್ಟಿಕ್ ಸ್ಟೂಲು. ಎರಡು ಬೆರಳೆತ್ತಿ "ಚಾಯ್" ಅಂದೆ. ಅಂಗಡಿಯಾಕೆ ಗಡಿಯಾರ ನೋಡಿದಳು, ನನ್ನ ಹೆಂಡತಿಯನ್ನು ನೋಡಿದಳು, ಒಳಗೆ ಹೋಗಿ ಎರಡು ತಣ್ಣನೆಯ ಬಿಯರ್ ಬಾಟಲಿ ತಂದಿಟ್ಟಳು. ಆಗ ಏಳೂವರೆ. ಮದುವೆಯಾಗಿ ಮೂವತ್ತು ವರ್ಷ ಮುಚ್ಚಿಟ್ಟದ್ದು ಬಯಲಾಯಿತು ಎಂಬಂತೆ ಹೆಂಡತಿ ನನ್ನತ್ತ ತಿರುಗಿದಳು.

ರಿಸೆಪ್ಷನ್ನಿನ ಹುಡುಗಿ ನಗು ತಡೆದುಕೊಂಡು ಪಾಠ ಹೇಳಿದಳು. "ಚಾಯ್" ಎಂದು ಎಳೆದರೆ ಬಾಟಲಿ. "ಚಯ್" ಎಂದು ಮೊಟಕಾಗಿಸಿದರೆ ಸಸ್ಯಾಹಾರ. ಬೌದ್ಧರಲ್ಲಿ ಅನೇಕರು ಚಾಂದ್ರಮಾನ ತಿಂಗಳ 1 ಮತ್ತು 15ನೆಯ ದಿನ ತಿನ್ನುವುದು ಅದನ್ನೇ. ಬೋರ್ಡಿನಲ್ಲಿ ಆ ಪದ ಕಂಡರೆ ಧೈರ್ಯವಾಗಿ ಒಳಗೆ ಹೋಗಬಹುದು. ಉಳಿದ ಕಡೆ ಬರೀ ಸೊಪ್ಪು ಬಾಡಿಸಿ ಕೊಟ್ಟರೂ ನಂಬಬೇಡಿ. ನಮ್ಮ ಒಗ್ಗರಣೆಗೆ ಇಂಗು ಬಿದ್ದ ಹಾಗೆ ಅಲ್ಲಿ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ರಸ ಬಿದ್ದಿರುತ್ತದೆ. ಇನ್ನು "ಚಾ". ದನಿ ಇಳಿಸಿ ಹೇಳಿದರೆ ಹನೋಯ್‌ನವರಿಗೆ ಟೀ. ದನಿಯನ್ನು ಅದ್ದಿ ಮೇಲೆತ್ತಿದರೆ ಹಂದಿಮಾಂಸದ ಒಂದು ತಿನಿಸು.

"ಇಷ್ಟೇ ತಾನೆ," ಮೇಷ್ಟರು ಶಾಲು ಸರಿಮಾಡಿಕೊಂಡರು. "ನಲವತ್ತು ವರ್ಷ ಮಕ್ಕಳಿಗೆ ಹ್ರಸ್ವ ದೀರ್ಘ ತಿದ್ದಿದವನು ನಾನು."

ಅಂಗಡಿಯವರನ್ನು ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ, ನಮ್ಮ ಹಾಗೆಯೇ ಅಕ್ಕ, ಅಣ್ಣ, ತಮ್ಮ ಅನ್ನಬೇಕು ಎಂದೂ ಹೇಳಿದೆ. ಅಕ್ಕಾ ಎಂದು ಕರೆಯಲು "ಚಿ ಓಯ್". ಮೇಷ್ಟರು ಮುಖ ಕಿವುಚಿದರು. ಅನ್ನ ಬಡಿಸುವ ಹೆಂಗಸಿಗೆ ಚೀ ಅನ್ನುವುದಕ್ಕೆ ನಾಲಿಗೆ ಹೊರಳುವುದಿಲ್ಲವಂತೆ. ನನಗೂ ಹೊರಳಿರಲಿಲ್ಲ, ಎಂಟು ದಿನವೂ ಕೈ ಎತ್ತಿ ಹಲ್ಲು ಕಿರಿದೇ ಕಾಲ ಹಾಕಿದ್ದೆ.

ಹೋದ ಗುರುವಾರ ಬೆಳಗಿನ ಐದೂವರೆಗೆ ಫೋನು. ಅಲ್ಲಿ ಆಗ ಏಳು ಗಂಟೆ. ಹಿಂದೆ ಸ್ಕೂಟರುಗಳ ಸದ್ದು, ತಟ್ಟೆ-ಲೋಟದ ಸದ್ದು, ಯಾರೋ ಹೆಂಗಸಿನ ನಗು.

"ಸ್ವಾಮೀ," ಮೇಷ್ಟರ ದನಿ ಬಲು ಮೆತ್ತಗಿತ್ತು. "ನೀವು ಹೇಳಿದ ಹಾಗೇ ಚಾ ಕೇಳಿದೆ. ದೀರ್ಘವನ್ನು ಚೆನ್ನಾಗೇ ಎಳೆದೆ. ಬಂತು."

"ಮತ್ತೇನು ತೊಂದರೆ?"

"ತಟ್ಟೇಲಿ ಬಂತು."