ಭಾನುವಾರದ ಹಾಜರಿ

ನಮ್ಮವ್ವ ರಿಟೈರ್ ಆದದ್ದು ಸರಕಾರದ ಲೆಕ್ಕದಲ್ಲಿ ಮಾತ್ರ. ವಾರದ ಆರು ದಿನ ಮನೆಯಲ್ಲಿ, ಏಳನೆಯ ದಿನ ಚರ್ಚಿನಲ್ಲಿ ಆಕೆಯ ಕ್ಲಾಸು ನಡೆದೇ ಇದೆ. ಎಂಬತ್ತು ದಾಟಿದರೂ ವ್ಯಾನಿಟಿ ಬ್ಯಾಗಿನಲ್ಲಿ ಕಾಣಿಕೆ ಕವರಿನ ಪಕ್ಕ ಕೆಂಪು ಪೆನ್ನು ಇದ್ದೇ ಇರುತ್ತದೆ. ಆರಾಧನೆಯ ಕ್ರಮ ಅಚ್ಚು ಮಾಡಿಸಿದ ಹಾಳೆ ಕೈಗೆ ಬಂದರೆ ಸಾಕು, ದೀರ್ಘ, ಒತ್ತಕ್ಷರ ಎಲ್ಲ ತಿದ್ದಿ ಪಾಸ್ಟರಿಗೇ ವಾಪಸು ಕೊಡುತ್ತಾಳೆ. ಪಾಪ, ಅವರು ಕಾಪಿ ತೋರಿಸಲು ಬಂದ ಹುಡುಗನಂತೆ ಕೈಕಟ್ಟಿ ನಿಂತಿರುತ್ತಾರೆ.

ಒಂದು ಭಾನುವಾರ ವೇದಪಾಠ ಓದಲು ಹೊಸ ಹುಡುಗ ನಿಂತ. ‘ಬಯಪಡಬೇಡ’ ಎಂದ. ‘ಭ! ಹೊಟ್ಟೆಯಿಂದ ಬರ್ಲೋ!’ ಅಂತ ಹೆಂಗಸರ ಬೆಂಚಿನಿಂದ ದನಿ ಬಂತು. ಹುಡುಗ ನಿಜಕ್ಕೂ ಭಯಪಟ್ಟ. ಮಹಾಪ್ರಾಣ ಬಂತು, ಅವನ ಪ್ರಾಣ ಹೋಗುವುದೊಂದು ಬಾಕಿ.

‘ಎಲ್ಲಾರ ಮುಂದೆ ಹಂಗನ್ನಬೇಕಿತ್ತೇನವ್ವಾ?’ ಎಂದು ಆಟೋದಲ್ಲಿ ಕೇಳಿದೆ. ಇತಿಹಾಸದ ಪೀರಿಯಡ್ ಶುರುವಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಈ ಬಿಸಿಲಲ್ಲಿ ಬೆವರುತ್ತಾ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತವರು. 1831ರ ಹೊತ್ತಿಗೆ ಅದು ಇಡಿಯಾಗಿ ಅಚ್ಚಾಯಿತು. ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೇ ತಂದರು. ‘ಇಂಗ್ಲೆಂಡಿನ ದೊರೆಗೆ ಬಂದ ಭ, ಬಳ್ಳಾರಿ ಹುಡುಗನಿಗೆ ಬರಲ್ಲ ಅಂದ್ರೆ ಊರಿಗೇನು ಮರ್ಯಾದಿ?’ ಆಟೋದವನು ‘ಖರೇ ಅದಮ್ಮಾ’ ಅಂದ. ಅವನೂ ಆಕೆಯ ಕೈಯಲ್ಲಿ ಏಟು ತಿಂದವನೇ ಇರಬೇಕು.

ಅಂಥವರು ಅವ್ವ ಟೀಚರಾಗಿದ್ದ ಸಿರುಗುಪ್ಪ, ಕುರುಗೋಡಿನ ತುಂಬ ಇದ್ದಾರೆ. ಸಿರುಗುಪ್ಪದಲ್ಲಿ ಭತ್ತದ ನಾಟಿ ಶುರುವಾದರೆ ಅರ್ಧ ಕ್ಲಾಸು ಗದ್ದೆಯಲ್ಲಿ. ಅವ್ವ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಕಾಲುವೆ ಏರಿಯ ಮೇಲೆ ನಿಂತು ಹೆಸರು ಕೂಗುತ್ತಿದ್ದಳಂತೆ. ಕೆಸರಲ್ಲಿ ಬಗ್ಗಿದವರು ಅಲ್ಲಿಂದಲೇ ‘ಹಾಜರ್ ಟೀಚರ್!’ ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಮಾತ್ರ ತಕರಾರಿಲ್ಲ, ಮರುದಿನ ಎಲ್ಲರೂ ಜಾತ್ರೆಯ ಮೇಲೆ ಪ್ರಬಂಧ ಬರೆಯಬೇಕು, ಅಷ್ಟೇ. ಶಾಲೆಯಲ್ಲಿ ನಾವು ‘ಅವ್ವಾ’ ಎಂದರೆ ಕಿವಿ ಹಿಂಡುತ್ತಿದ್ದಳು. ಮನೆಯಲ್ಲಿ ಬಾಯಿತಪ್ಪಿ ‘ಟೀಚರ್’ ಎಂದರೆ ರಾತ್ರಿಯವರೆಗೂ ಮಾತಿಲ್ಲ.

ಇತಿಹಾಸದ ಪೀರಿಯಡ್ಡಿನಲ್ಲಿ ಆಕೆಯದೇ ಒಂದು ಪಾಠವೂ ಉಂಟು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರು ರಾಜ್ಯ ಸೇರಿದಾಗ ಆಕೆ ಇನ್ನೂ ಶಾಲೆ ಹುಡುಗಿ. ಕೂತ ಜಾಗದಿಂದ ಏಳದೆ ರಾಜ್ಯ ದಾಟಿದವಳೆಂದು ಈಗಲೂ ಜಂಬ.

ರಾತ್ರಿಯ ಪ್ರಾರ್ಥನೆಯೂ ಹಳೆಯ ಹಾಜರಿ ಪುಸ್ತಕದ ಕ್ರಮದಲ್ಲೇ. ಮೊದಲು ಸಿರುಗುಪ್ಪ, ಆಮೇಲೆ ಕುರುಗೋಡು. ಲಿಂಗ ಕಟ್ಟಿದವರು, ನಮಾಜು ಮಾಡುವವರು, ಯಾರಿಗೂ ರಿಯಾಯಿತಿ ಇಲ್ಲ. ಅವರಲ್ಲೊಬ್ಬ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಅವನ ಭಾಗಾಕಾರ ಸುಧಾರಿಸಲೆಂದು ಅವ್ವ ಇನ್ನೂ ಬೇಡುತ್ತಾಳೆ. ಹೆತ್ತ ಮಕ್ಕಳ ಸರದಿ ಕೊನೆಗೆ. ಅಷ್ಟರಲ್ಲಿ ತಟ್ಟೆಯಲ್ಲಿನ ಒಗ್ಗರಣೆ ಆರಿ, ಮಿರ್ಚಿ ಮೆತ್ತಗಾಗಿರುತ್ತದೆ. ನಮ್ಮ ‘ಆಮೆನ್’ನಲ್ಲಿ ಭಕ್ತಿಗಿಂತ ಹಸಿವೇ ಜಾಸ್ತಿ.

ಬಳ್ಳಾರಿಗೆ ಬರುವುದಾದರೆ ಭಾನುವಾರ ಬನ್ನಿ, ಆರಾಧನೆಗೂ ಬನ್ನಿ. ಹಿಂದಿನ ಬೆಂಚು ಬೇಡ. ಆಕೆ ಮೊದಲು ಎಬ್ಬಿಸುವುದು ಅಲ್ಲಿ ಕೂತವರನ್ನೇ. ತಡವಾದರೆ ತಪ್ಪನ್ನು ಸಿರುಗುಪ್ಪದ ಬಸ್ಸಿನ ಮೇಲೆ ಮಾತ್ರ ಹಾಕಬೇಡಿ. ಆ ದಾರಿಯ ಬಸ್ಸುಗಳ ಟೈಮು ಆಕೆಗೆ ಬಾಯಿಪಾಠ.