ನಿಂತು ನೋಡುವವರು

ಚಿಕ್ಕಬಳ್ಳಾಪುರದಲ್ಲಿ ಒಂದು ಮನೆ ಏಳಬೇಕಾದರೆ ನಾಲ್ಕು ಬೇಕು: ಸೈಟು, ಸಾಲ, ಮೇಸ್ತ್ರಿ ಮತ್ತು ನಿಂತು ನೋಡುವವರು. ಮೊದಲ ಮೂರಕ್ಕೆ ಮಾಲೀಕ ಚಪ್ಪಲಿ ಸವೆಸಬೇಕು. ನಾಲ್ಕನೆಯದು ತಾನಾಗಿ ಬರುತ್ತದೆ. ಪಾಯದ ಗುರುತಿಗೆ ಸುಣ್ಣದ ಪುಡಿ ಚೆಲ್ಲಿದ್ದೇ ತಡ, ಹಾಲು ತರಲು ಹೊರಟವರು, ವಾಕಿಂಗ್ ಮುಗಿಸಿದವರು, ಮೊಮ್ಮಗನನ್ನು ಸ್ಕೂಲ್ ವ್ಯಾನಿಗೆ ಹತ್ತಿಸಿ ಬಂದವರು, ಎಲ್ಲರೂ ಕೈ ಹಿಂದೆ ಕಟ್ಟಿಕೊಂಡು ಸಾಲಾಗಿ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ. ನಿವೃತ್ತಿಯ ಮೇಲೆ ನನಗೆ ಸಿಕ್ಕಿರುವ ಕಾಯಂ ಕೆಲಸ ಇದೊಂದೇ. ಸಂಬಳವಿಲ್ಲ, ಹಾಗೆಂದು ರಜೆಯೂ ಇಲ್ಲ.

ಇದು ನಮ್ಮ ಮಣ್ಣಿನ ಗುಣವೇ ಇರಬೇಕು. ಊರಿಗೆ ಹತ್ತಿರದ ಮುದ್ದೇನಹಳ್ಳಿಯಲ್ಲಿ 1861ರಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದರು. ಅವರು ಓದಿ ಎಂಜಿನಿಯರ್ ಆದರು, ನಾವು ಓದದೆಯೇ ಆಗಿದ್ದೇವೆ. ವಾಲಿದ ಕಂಬ ಅವರ ಕಣ್ಣು ತಪ್ಪುತ್ತಿರಲಿಲ್ಲ. ನಮಗೆ ವಾಲದ ಕಂಬವೂ ವಾಲಿದಂತೆಯೇ ಕಾಣುತ್ತದೆ.

ನೋಡುವವರಲ್ಲೂ ಪರಿಣತಿಯ ಹಂಚಿಕೆ ಇದೆ. ಲೈನ್‌ಮನ್ ಆಗಿ ರಿಟೈರಾದವರು ನಮ್ಮ ಬೀದಿಯಲ್ಲಿದ್ದಾರೆ. ಅವರು ಕರೆಂಟಿನ ಬಗ್ಗೆ ತುಟಿ ಬಿಚ್ಚುವುದಿಲ್ಲ, ಸಿಮೆಂಟಿನ ಬಗ್ಗೆ ಮಾತಾಡುತ್ತಾರೆ. ಹಿಂದೆ ಸಿಮೆಂಟ್ ಅಂಗಡಿ ಇಟ್ಟಿದ್ದವರು ವಾಸ್ತು ಹೇಳುತ್ತಾರೆ. ಕನ್ನಡ ಮೇಷ್ಟ್ರಾಗಿದ್ದ ನನ್ನ ಪಾಲಿಗೆ ಕಂಬಿ ಬಂದಿದೆ. "10 ಎಂಎಂ ಸಾಲದು ಮೇಸ್ತ್ರಿ, 12 ಹಾಕ್ಸಿ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಮಧ್ಯಾಹ್ನದ ಊಟ ರುಚಿಸುವುದಿಲ್ಲ.

ಮೇಸ್ತ್ರಿಯ ಸಹನೆ ದೊಡ್ಡದು. ಆತ ಆಳುಗಳಿಗೆ ತೆಲುಗಿನಲ್ಲಿ ಬೈಯುತ್ತಾನೆ, ಬಿಹಾರದ ಹುಡುಗರಿಗೆ ಹಿಂದಿಯಲ್ಲಿ, ಮಾಲೀಕನಿಗೆ ಕನ್ನಡದಲ್ಲಿ ಸಮಾಧಾನ ಹೇಳುತ್ತಾನೆ, ಬಿಲ್ಲು ಮಾತ್ರ ಇಂಗ್ಲಿಷಿನಲ್ಲಿ ಬರೆಯುತ್ತಾನೆ. ಮನೆ ಯಾವಾಗ ಮುಗಿಯುತ್ತದೆ ಎಂದು ಯಾರೇ ಕೇಳಲಿ, ಉತ್ತರ ಒಂದೇ: "ಅಯಿಪೋತುಂದಿ ಸಾರ್", ಆಗಿಹೋಗುತ್ತದೆ ಸಾರ್. ಯುಗಾದಿಗೆ ಕೇಳಿದಾಗಲೂ ಅದೇ, ದೀಪಾವಳಿಗೆ ಕೇಳಿದಾಗಲೂ ಅದೇ. ಸಾರ್ ಮಾತ್ರ ಬರಬರುತ್ತಾ ಸೊರಗುತ್ತಾರೆ.

ಚರ್ಚೆಗೆ ಮರಳಿನಷ್ಟು ಒದಗಿಬರುವ ವಸ್ತು ಬೇರೊಂದಿಲ್ಲ. ಹಿಂದೆ ಗೌರಿಬಿದನೂರಿನ ಕಡೆಯಿಂದ ಉತ್ತರ ಪಿನಾಕಿನಿಯ ಮರಳು ಬರುತ್ತಿತ್ತು. ಈಗ ಬರುವುದು ಕ್ರಷರಿನ ಎಂ ಸ್ಯಾಂಡ್. ನಮ್ಮ ಸುತ್ತಲಿನ ಗುಡ್ಡಗಳನ್ನೇ ಒಡೆದು ಜಲ್ಲಿ ಮಾಡಿ, ಜಲ್ಲಿಯನ್ನು ಪುಡಿ ಮಾಡಿ ಟಿಪ್ಪರಿಗೆ ತುಂಬುತ್ತಾರೆ. ಲೋಡು ಬಿದ್ದ ಕೂಡಲೇ ನಮ್ಮ ಲೈನ್‌ಮನ್ನರು ಒಂದು ಹಿಡಿ ಎತ್ತಿ ಅಂಗೈಯಲ್ಲಿ ತಿಕ್ಕಿ, ಮೂಸಿ, "ಧೂಳು ಜಾಸ್ತಿ" ಎಂದು ತೀರ್ಪು ಕೊಟ್ಟು ಕೈ ಒರೆಸಿಕೊಳ್ಳುತ್ತಾರೆ. ಮರಳನ್ನು ಮೂಸಿದರೆ ಏನು ತಿಳಿಯುತ್ತದೆಂದು ನಾನು ಕೇಳಿಲ್ಲ. ಕೇಳಿದರೆ ಅವರು ಕಂಬಿಯ ವಿಷಯ ಎತ್ತುತ್ತಾರೆ.

ಬೋರ್‌ವೆಲ್ ಲಾರಿ ಬಂದ ರಾತ್ರಿ ಇಡೀ ಬೀದಿಗೆ ಜಾಗರಣೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ಬೆಳಿಗ್ಗೆಯೇ ಜಾಗ ಗುರುತಿಸಿ ಕಾಯಿಯ ಜೊತೆ ದಕ್ಷಿಣೆಯನ್ನೂ ತೆಗೆದುಕೊಂಡು ಹೋಗಿರುತ್ತಾರೆ. ರಾಡು ಇಳಿಯುತ್ತಾ ಹೋದಂತೆ ಬೂದು ಬಣ್ಣದ ಕಲ್ಲುಪುಡಿ ಎದ್ದು ಒಣಹಾಕಿದ ಬಟ್ಟೆಗಳ ಮೇಲೆಲ್ಲ ಕೂರುತ್ತದೆ. ನಾವು ಅಡಿ ಲೆಕ್ಕ ಹಾಕುತ್ತೇವೆ, ಮಾಲೀಕ ಅಡಿಗೆ ಎಷ್ಟು ರೂಪಾಯಿ ಎಂದು ಲೆಕ್ಕ ಹಾಕುತ್ತಾನೆ. 1,000 ಅಡಿ ದಾಟಿದ ಮೇಲೆ ಆತನಿಗೆ ಯಾರೂ ಸಲಹೆ ಕೊಡುವುದಿಲ್ಲ. ಅಷ್ಟು ಕರುಣೆ ನಮ್ಮಲ್ಲೂ ಇದೆ.

ನದಿಯಿಲ್ಲದ ಜಿಲ್ಲೆ ಎಂದು ಕನಿಕರಿಸುವವರಿಗೆ ಒಂದು ಮಾತು. ಐದಾರು ನದಿಗಳು ಹುಟ್ಟುವುದು ನಮ್ಮ ನಂದಿ ಬೆಟ್ಟದ ಸುತ್ತಮುತ್ತಲೇ. ಹುಟ್ಟಿದ ಮೇಲೆ ಅವು ಇಲ್ಲಿ ನಿಲ್ಲುವುದಿಲ್ಲ, ಅಷ್ಟೆ. ಈಗ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸುತ್ತಾರೆ. ಊರಂಚಿನ ಕಂದವಾರ ಕೆರೆ ತುಂಬಿದ್ದು ಹಾಗೆ. ಬೆಂಗಳೂರಿನವರು ತಾವು ಬಳಸಿದ ನೀರನ್ನು ಮೊದಲು ಕಳಿಸಿದರು. ಹಿಂದೆಯೇ 'ಲೇಕ್ ವ್ಯೂ' ಸೈಟು ಇದೆಯಾ ಎಂದು ಕಾರಿನಲ್ಲಿ ತಾವೂ ಬಂದರು.

ಸೈಟಿನ ಮಾತು ಬಂತು. ಈ ಊರಿನ ಮೊದಲ ಸೈಟನ್ನು ಆರಿಸಿದ್ದು ಒಂದು ಮೊಲ ಎಂಬ ಕಥೆಯಿದೆ. ಆವತಿ ಮನೆತನದ ಪಾಳೇಗಾರ ಕೋಡಿಮಂಚನಹಳ್ಳಿಯ ಕಾಡಿಗೆ ಬೇಟೆಗೆ ಬಂದಾಗ ಮೊಲ ಬೇಟೆನಾಯಿಗಳಿಗೆ ಹೆದರದೆ ಎದುರು ನಿಂತಿತಂತೆ. ಇದು ಗಂಡುಮೆಟ್ಟಿನ ನೆಲವೆಂದು ಅವನು ಕೋಟೆ ಕಟ್ಟಿಸಿದ. ಬ್ರೋಕರ್ ಕಮಿಷನ್ ಇಲ್ಲದೆ ಇಲ್ಲಿ ನಡೆದ ಕೊನೆಯ ವ್ಯವಹಾರ ಅದೇ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದೆವು, ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದೀಚೆಗೆ ದ್ರಾಕ್ಷಿ ತೋಟಗಳಲ್ಲಿ ಚಪ್ಪರದ ಕಲ್ಲು ಕಿತ್ತು ಸೈಟಿನ ಕಲ್ಲು ನೆಟ್ಟರು. ಬ್ರೋಕರುಗಳ ಭೂಗೋಳದಲ್ಲಿ ಎಲ್ಲವೂ ಹತ್ತು ನಿಮಿಷ: ಏರ್‌ಪೋರ್ಟು ಹತ್ತು ನಿಮಿಷ, ನಂದಿ ಬೆಟ್ಟ ಹತ್ತು ನಿಮಿಷ, 2023ರಲ್ಲಿ ಆವಲಗುರ್ಕಿಯಲ್ಲಿ ಎದ್ದ 112 ಅಡಿಯ ಆದಿಯೋಗಿಯೂ ಹತ್ತು ನಿಮಿಷ. ಅವರು ತೋರಿಸುವ ಲೇಔಟಿನಿಂದ ಒಂದು ಲೀಟರ್ ಹಾಲು ಸಿಗುವ ಜಾಗ ಎಷ್ಟು ದೂರ ಎಂದು ಕೇಳಿ ನೋಡಿ, ಅವರಿಗೆ ಬೇರೆ ಫೋನು ಬರುತ್ತದೆ.

ನಮ್ಮ ಕಾರ್ಯಕ್ಷೇತ್ರ ಒಂದು ಬೀದಿಗೆ ಸೀಮಿತವಲ್ಲ. ಮದುವೆಗೋ ನಾಮಕರಣಕ್ಕೋ ಹೋದ ಊರುಗಳಲ್ಲೂ ಕೆಲಸ ಇದ್ದೇ ಇರುತ್ತದೆ. ಚಿಂತಾಮಣಿ ವ್ಯಾಪಾರದ ಊರು. ಅಲ್ಲಿ ಷಟರುಗಳನ್ನು ಮೊದಲು ಎಣಿಸಿ, ಉಳಿದ ಜಾಗದಲ್ಲಿ ಮನೆ ಕಟ್ಟುತ್ತಾರೆ. ನೆಂಟರೊಬ್ಬರು ಕೆಳಗೆ ಅಂಗಡಿ ಸಾಲು ಎಬ್ಬಿಸಿ ಮೇಲೆ ತಾವು ಸೇರಿಕೊಂಡಿದ್ದಾರೆ. ದೇವರ ಮನೆ ಮೆಟ್ಟಿಲ ಕೆಳಗೆ. ಕೇಳಿದರೆ, "ದೇವರು ಬಾಡಿಗೆ ಕೊಡಲ್ಲವಲ್ಲ" ಅಂದರು.

ಗೌರಿಬಿದನೂರಿನಲ್ಲಿ ನಮ್ಮ ಭಾವನವರು ವಾಸ್ತುವಿನ ಕೈಗೆ ಸಿಕ್ಕಿದ್ದಾರೆ. ಮೊದಲು ಬಂದವನು ಅಡುಗೆಮನೆಯನ್ನು ಆಗ್ನೇಯಕ್ಕೆ ತಳ್ಳಿದ, ಎರಡನೆಯವನು ಸಂಪನ್ನು ಈಶಾನ್ಯಕ್ಕೆ ಎಳೆದ, ಮೂರನೆಯವನು ಪೂರ್ವಕ್ಕೊಂದು ಬಾಗಿಲು ಇಡಿಸಿದ. ಆ ಬಾಗಿಲು ತೆಗೆದರೆ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಮೂಗಿಗೆ ತಗಲುತ್ತದೆ. ಸದ್ಯಕ್ಕೆ ಅದರ ಶುಭಫಲ ಪಡೆಯುತ್ತಿರುವುದು ಬೆಕ್ಕು. ಇದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನೇ ಬದುಕು ಮಾಡಿಕೊಂಡವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಅವರು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬಾಳಿದರು. ಹಾಗಾಗಿ ವಾಸ್ತುವಿನವರಿಗೆ ಅವರಲ್ಲಿ ಕೆಡವಲು ಏನೂ ಸಿಗಲಿಲ್ಲ.

ನಾನು ಕೇಳಿದ ಕಟ್ಟಡ ವಿಮರ್ಶೆಗಳಲ್ಲಿ ಶ್ರೇಷ್ಠವಾದದ್ದು ಶಿಡ್ಲಘಟ್ಟದ ಕಡೆಯ ನಮ್ಮ ಚಿಕ್ಕಮ್ಮನದು. ಅವರ ಹಳೆಯ ಮನೆ ಕಟ್ಟಿದ್ದೇ ರೇಷ್ಮೆ ಹುಳುವಿಗಾಗಿ. ಎದುರುಬದುರು ಕಿಟಕಿ, ಎತ್ತರದ ಸೂರು, ಬೇಸಿಗೆಯಲ್ಲಿ ಒದ್ದೆ ಗೋಣಿಯ ಪರದೆ. ನಡುಮನೆಯೆಲ್ಲ ಹುಳುವಿಗೆ, ಮನುಷ್ಯರು ಮೂಲೆಯಲ್ಲಿ. ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ಕಡಿಯತೊಡಗಿದರೆ ರಾತ್ರಿಯೆಲ್ಲ ಸಣ್ಣ ಮಳೆ ಸುರಿದ ಹಾಗೆ ಸದ್ದು. ಮಗ ಅದನ್ನು ಕೆಡವಿ ಡುಪ್ಲೆಕ್ಸ್ ಕಟ್ಟಿಸಿದ. ತೆಗೆಯಲಾಗದ ಗಾಜಿನ ಕಿಟಕಿ, ಫಾಲ್ಸ್ ಸೀಲಿಂಗು, ಕೋಣೆಗೊಂದು ಎಸಿ, ಗೋಡೆಗೆ ಘಮ್ಮೆನ್ನುವ ಪೇಂಟು. ಹುಳು ಗೂಡು ಕಟ್ಟುವ ಚಂದ್ರಿಕೆಗಳು ಹಿತ್ತಲಿನ ಶೀಟಿನ ಮನೆ ಸೇರಿದವು. ಗೃಹಪ್ರವೇಶದ ದಿನ ಬಂದವರೆಲ್ಲ ಹೊಗಳುತ್ತಿದ್ದರೆ ಚಿಕ್ಕಮ್ಮ ಕೋಣೆ ಕೋಣೆ ಹೊಕ್ಕು, ಸೂರು ನೋಡಿ, ಮೂಗಿಗೆ ಸೆರಗು ಹಿಡಿದು ಹೇಳಿದರು: "ಚೆನ್ನಾಗೈತಪ್ಪ. ಆದ್ರೆ ಹುಳ ಆಗಿದ್ರೆ ಇಲ್ಲಿ ಒಂದು ದಿನಾನೂ ಬದುಕ್ತಿರ್ಲಿಲ್ಲ."

ಹೀಗೆ ನಿಂತು ನೋಡುವುದರಿಂದ ಯಾರಿಗೇನು ಲಾಭ ಎಂದು ಮನೆಯಾಕೆ ಕೇಳುತ್ತಾಳೆ. ಅದಕ್ಕೆ ಉತ್ತರ ಎದುರುಮನೆಯಲ್ಲಿ ಸಿಕ್ಕಿತು. ಗೃಹಪ್ರವೇಶವಾಗಿ, ದೃಷ್ಟಿಗೊಂಬೆ ಬಣ್ಣಗೆಡುವ ಹೊತ್ತಿಗೆ, ಹಾಲಿನ ಗೋಡೆಯಲ್ಲಿ ತೇವ ಕಾಣಿಸಿಕೊಂಡಿತು. ನೀರಿನ ಪೈಪು ಒಳಗೆಲ್ಲಿ ಹೋಗಿದೆಯೋ ಮಾಲೀಕನಿಗೆ ಗೊತ್ತಿಲ್ಲ. ನಕ್ಷೆಯಲ್ಲಿ ಒಂದು ಕಡೆ ಇದೆ, ಪ್ಲಂಬರ್ ಇಟ್ಟದ್ದು ಇನ್ನೊಂದು ಕಡೆ. ಪ್ಲಂಬರಿಗೆ ಫೋನ್ ಮಾಡಿದರೆ ಆತ ವ್ಯಾಪ್ತಿ ಪ್ರದೇಶದ ಹೊರಗೆ. ಟೈಲ್ಸೆಲ್ಲ ಒಡೆಯುವುದೊಂದೇ ದಾರಿ ಎನ್ನುವಾಗ ನಮ್ಮ ಲೈನ್‌ಮನ್ನರು ಲುಂಗಿ ಎತ್ತಿ ಕಟ್ಟಿಕೊಂಡು ಒಳಗೆ ಹೋದರು. ಕಿಟಕಿಯಿಂದ ಎರಡು ಗೇಣು ಅಳೆದು, "ಇಲ್ಲೊಂದು ಬೆಂಡ್ ಐತೆ, ಅವತ್ತು ಅಂಟು ಸಾಲ್ದೆ ಹಂಗೇ ತುರುಕಿದ್ರು, ನಾನ್ ಹೇಳ್ದೆ, ಕೇಳ್ಲಿಲ್ಲ" ಅಂದರು. ಒಂದೇ ಟೈಲು ಒಡೆದರು. ಅಲ್ಲೇ ಸೋರುತ್ತಿತ್ತು.

ಮನೆಯ ಒಳಗುಟ್ಟು ಮಾಲೀಕನಿಗಿಂತ ಬೀದಿಗೆ ಚೆನ್ನಾಗಿ ಗೊತ್ತಿರುತ್ತದೆ. ಪ್ಲಾಸ್ಟರಿಂಗ್ ಮುಚ್ಚುವ ಮುನ್ನ ಕಂಡವರು ನಾವೇ ತಾನೆ? ಈಚೆಗೆ ಹೊಸಬರು ಪಾಯ ತೋಡುವ ಮೊದಲೇ ಸುತ್ತ ತಗಡು ಹೊಡೆಸಿ, ಮೇಲೆ ಹಸಿರು ಪರದೆ ಇಳಿಬಿಟ್ಟು, 'ಅನುಮತಿಯಿಲ್ಲದೆ ಪ್ರವೇಶವಿಲ್ಲ' ಎಂದು ಬೋರ್ಡು ಹಾಕುತ್ತಿದ್ದಾರೆ. ಅವರಲ್ಲಿ ನಮ್ಮದೊಂದು ವಿನಂತಿ: ಧೂಳಿಗೆ ಪರದೆ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಪೈಪು ಹೂಳುವ ದಿನ ಒಂದು ತಗಡು ಸರಿಸಿಡಿ. ನಮ್ಮ ಸಲಹೆಗೆ ಶುಲ್ಕವಿಲ್ಲ, ಅದನ್ನು ಕೇಳಲೇಬೇಕೆಂಬ ಕಟ್ಟುಪಾಡೂ ಇಲ್ಲ. ಕಾಫಿ ಕೊಟ್ಟರೆ ಸಕ್ಕರೆ ಸ್ವಲ್ಪ ಕಡಿಮೆ ಇರಲಿ.